ಕೀಲಿಮಣೆಯಲ್ಲಿಯೇ ಅಡಕವಾದ ಗಣಕಯಂತ್ರ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ಬೇಸಾಯದ ರೀತಿಯಲ್ಲಿ ಒಂದೇ ತರದವುಗಳಲ್ಲ. ಶ್ರೀರಂಗಪಟ್ಟಣದ ಸುತ್ತಿನ ರೈತರು ಕಾವೇರಿಯ ಪುರಾತನ ನಾಲೆಗಳಾದ ಚಿಕ್ಕದೇವರಾಯಸಾಗರ, ವಿರಿಜಾ, ಬಂಗಾರದೊಡ್ಡಿ ನಾಲೆಗಳ ನೀರಿನಿಂದ ಬತ್ತವನ್ನು ಬೆಳೆಯುತ್ತಾರೆ. ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆಗಳಲ್ಲಿ ಕಬ್ಬು ಮುಖ್ಯವಾದ ಬೆಳೆ. ಕೃಷ್ಣರಾಜಪೇಟೆಗೆ ಹೇಮಾವತಿಯ ಆಧಾರವಿದೆ. ನಾಗಮಂಗಲದ ಬಹುಭಾಗವಾದರೋ ಮಳೆಯನ್ನೇ ನಂಬಿದ ರಾಗಿ ಹುರುಳಿಗಳ ಸೀಮೆ. ಅಲ್ಲಿಯ ತೆಂಗಿನ ತೋಟಗಳಿಗೆ ಕೊಳವೆಬಾವಿಯೇ ಗತಿ.

ಇಷ್ಟು ಭೇದಗಳಿದ್ದರೂ ಒಂದು ವಿಷಯದಲ್ಲಿ ಈ ನಾಲ್ಕು ತಾಲ್ಲೂಕುಗಳ ಭೂಮಾಲೀಕರೆಲ್ಲರೂ ಸಮಾನರು. ಅವರ ಜಮೀನಿನ ಲೆಕ್ಕವು ಈಗ ಊರಿನ ಕಡತದಲ್ಲಿಲ್ಲ, ಗಣಕಯಂತ್ರದಲ್ಲಿದೆ. ಹಿಂದೆ ಪಹಣಿಯಲ್ಲಿ ಸಂಶಯ ಬಂದರೆ ಚಾವಡಿಗೆ ಹೋಗಿ ಶಾನುಭೋಗರಿಂದ ಓದಿಸಿ ಕೇಳಬಹುದಾಗಿತ್ತು. ಲೆಕ್ಕ ಬಲ್ಲವನು, ಅವನು ಒಳ್ಳೆಯವನಾಗಲಿ ಕೆಟ್ಟವನಾಗಲಿ, ಊರಿನಲ್ಲಿಯೇ ಇದ್ದನು. ವಂಶಪಾರಂಪರ್ಯವಾದ ಪಟೇಲಿಕೆ ಶಾನುಭೋಗಿಕೆಗಳು 1961ರ ಶಾಸನದಿಂದ ರದ್ದಾದವು. ಅನಂತರ 2000ನೆಯ ಇಸವಿಯ ಸುಮಾರಿಗೆ ಕರ್ನಾಟಕ ಸರ್ಕಾರದವರು ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡು, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. ಆಗ 15 ರೂಪಾಯಿ ಕೊಟ್ಟವರಿಗೆಲ್ಲ ಮುದ್ರಿತ ಪಹಣಿ ತಾಲ್ಲೂಕು ಕಚೇರಿಯಲ್ಲಿ ದೊರೆಯುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಇದರಿಂದ ರೈತರಿಗೆ ಆದ ಅನುಕೂಲ ದೊಡ್ಡದು. ಆದರೆ ಇದರ ಜೊತೆಯಲ್ಲಿಯೇ ಲೆಕ್ಕದ ಮರ್ಮವನ್ನು ಬಲ್ಲವರು ಊರನ್ನು ಬಿಟ್ಟು ಹೊರಗಾದರು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ, ಸರ್ವೆ ನಂಬರಿನಲ್ಲಿ ಒಂದಂಕೆ ಹೆಚ್ಚು ಕಡಿಮೆಯಾದರೂ, ಬೆಳೆಯ ಪರಿಹಾರವಾಗಲಿ ಸಾಲವಾಗಲಿ ನಿಂತುಹೋಗುತ್ತದೆ. ತಪ್ಪು ಎಲ್ಲಿ ಆಯಿತೆಂದು ಹೇಳಬಲ್ಲವರು ಊರಿನಲ್ಲಿ ಸಿಕ್ಕುವುದಿಲ್ಲ.

ಗಣಕಯಂತ್ರವನ್ನು ಬಲ್ಲ ಕೆಲವರಾದರೂ ಪ್ರತಿ ಗ್ರಾಮದಲ್ಲಿಯೂ ಇರಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೊಬೈಲನ್ನು ಒತ್ತಲು ಬಂದಮಾತ್ರಕ್ಕೆ ಗಣಕವಿದ್ಯೆ ಬಂದಂತಾಗುವುದಿಲ್ಲ. ಬಸ್ಸಿನಲ್ಲಿ ಕುಳಿತು ಊರೂರು ತಿರುಗಿದವನಿಗೆ ಎಂಜಿನ್ನಿನ ಗುಣ ಹೇಗೆ ತಿಳಿಯುವುದಿಲ್ಲವೋ ಇದೂ ಹಾಗೆಯೇ. ಯಂತ್ರಕ್ಕೆ ತಾನೇ ಆಜ್ಞೆಯನ್ನು ಬರೆದು, ಅದು ತಪ್ಪಿದಾಗ ತಾನೇ ತಿದ್ದಿ ಕಲಿಯತಕ್ಕದ್ದು. ಇಂತಹ ಕಲಿಕೆಗೆಂದೇ ತಯಾರಾದ, ಬೆಲೆಯಲ್ಲಿ ಹಗುರವಾದ ಒಂದು ಯಂತ್ರದ ವಿಷಯವನ್ನು ಗ್ರಾಮದ ಯಜಮಾನರೂ ಭೂಮಾಲೀಕರೂ ತಿಳಿದಿರುವುದು ಉಚಿತ.

ಯಂತ್ರದ ಸ್ವರೂಪ

ಸಾಮಾನ್ಯವಾದ ಗಣಕಯಂತ್ರದಲ್ಲಿ ಮೇಜಿನ ಮೇಲೆ ಪರದೆ, ಅದರ ಪಕ್ಕದಲ್ಲಿ ಯಂತ್ರದ ಪೆಟ್ಟಿಗೆ, ಮುಂದೆ ಅಕ್ಷರಗಳನ್ನು ಒತ್ತುವ ಕೀಲಿಮಣೆ ಹೀಗೆ ಬೇರೆ ಬೇರೆ ಭಾಗಗಳಿರುತ್ತವೆ. ಇಲ್ಲಿ ಹೇಳುವ ಯಂತ್ರದಲ್ಲಿ ಪ್ರತ್ಯೇಕವಾದ ಪೆಟ್ಟಿಗೆಯೇ ಇಲ್ಲ. ಕೀಲಿಮಣೆಯ ಒಳಗೇ ಇಡೀ ಯಂತ್ರವನ್ನು ಅಡಕಮಾಡಿದ್ದಾರೆ. ಇದನ್ನು ಮನೆಯಲ್ಲಿರುವ ಟೆಲಿವಿಷನ್ನಿಗೆ ಒಂದು ತಂತಿಯಿಂದ ಸೇರಿಸಿ, ವಿದ್ಯುಚ್ಛಕ್ತಿ ಕೊಟ್ಟರೆ ಕೆಲಸಕ್ಕೆ ಸಿದ್ಧವಾಗುತ್ತದೆ.

ಈ ಜಾತಿಯಲ್ಲಿ ಪ್ರಸಿದ್ಧವಾದುದು ಇಂಗ್ಲೆಂಡಿನ ಕೇಂಬ್ರಿಜ್‌ನ ರಾಸ್ಪ್‌ಬೆರಿ ಪೈ ಸಂಸ್ಥೆಯವರು 2020ರ ನವೆಂಬರಿನಲ್ಲಿ ಹೊರತಂದ ‘ರಾಸ್ಪ್‌ಬೆರಿ ಪೈ 400’. ಇದರ ಉದ್ದ ಸುಮಾರು 11 ಅಂಗುಲ, ಅಗಲ ಸುಮಾರು 5 ಅಂಗುಲ, ದಪ್ಪ ಒಂದು ಅಂಗುಲಕ್ಕೆ ಕಡಿಮೆ. ಶಾಲೆಯ ಹುಡುಗರ ಚೀಲದಲ್ಲಿ ಇಡಬಹುದು. ಇದರ ಜ್ಞಾಪಕಶಕ್ತಿ 4 ಗಿಗಾಬೈಟು. ಬರಿಯ ಯಂತ್ರಕ್ಕೆ 70 ಡಾಲರ್, ಅಂದರೆ ಆಗಿನ ದರದಲ್ಲಿ ಸುಮಾರು 5,200 ರೂಪಾಯಿ ಬೆಲೆಯನ್ನಿಟ್ಟಿದ್ದರು. ಮೌಸು, ವಿದ್ಯುತ್ತಿನ ಅಡಾಪ್ಟರು, ಟೆಲಿವಿಷನ್ನಿಗೆ ಸೇರಿಸುವ ತಂತಿ, ಕಾರ್ಯಕ್ರಮಗಳನ್ನು ತುಂಬಿದ ಮೆಮೊರಿ ಕಾರ್ಡು, ಹೊಸಬರಿಗೆ ಮಾರ್ಗದರ್ಶಿಯಾದ ಒಂದು ಪುಸ್ತಕ ಇವೆಲ್ಲ ಸೇರಿದ ಪೂರ್ಣ ಕಿಟ್ಟಿಗೆ 100 ಡಾಲರ್. 2024ರ ಡಿಸೆಂಬರಿನಲ್ಲಿ ಇದಕ್ಕಿಂತ ವೇಗವಾದ, 8 ಗಿಗಾಬೈಟಿನ ‘ಪೈ 500’ ಬಂದಿತು. ಅದರ ಬೆಲೆ ಆಗ 90 ಡಾಲರ್, ಕಿಟ್ಟಿಗೆ 120 ಡಾಲರ್. ನಮ್ಮ ದೇಶದಲ್ಲಿ ಸುಂಕ ತೆರಿಗೆಗಳು ಸೇರಿ ಬೆಲೆ ಇನ್ನೂ ಮೇಲೆ ಹೋಗುತ್ತದೆ. ಜ್ಞಾಪಕದ ಚಿಪ್ಪುಗಳ ಧಾರಣೆಯೂ ಬೆಲ್ಲದ ಧಾರಣೆಯಂತೆ ಏರಿಳಿಯುವುದರಿಂದ, ಕೊಳ್ಳುವ ಮುಂಚೆ ಎರಡು ಮೂರು ಕಡೆ ವಿಚಾರಿಸುವುದು ಮೇಲು.

ಇದು ಹೊಸ ಕಲ್ಪನೆಯಲ್ಲ

ಕೀಲಿಮಣೆಯಲ್ಲಿ ಯಂತ್ರವನ್ನು ಸೇರಿಸುವ ಪದ್ಧತಿ ನಾಲ್ವತ್ತು ವರ್ಷಗಳಿಗಿಂತ ಹಿಂದಿನದು. ಇಂಗ್ಲೆಂಡಿನಲ್ಲಿ 1981ರಲ್ಲಿ ‘ಬಿ.ಬಿ.ಸಿ. ಮೈಕ್ರೊ’, 1982ರಲ್ಲಿ ‘ಸಿಂಕ್ಲೇರ್ ಸ್ಪೆಕ್ಟ್ರಮ್’ ಎಂಬ ಇಂತಹವೇ ಯಂತ್ರಗಳು ಬಂದು, ಅಲ್ಲಿಯ ಒಂದು ತಲೆಮಾರಿನ ಹುಡುಗರು ಮನೆಯ ಟೆಲಿವಿಷನ್ನಿನ ಮುಂದೆ ಕುಳಿತು ಗಣಕವಿದ್ಯೆಯನ್ನು ಕಲಿತರು. ಭಾರತ ಸರ್ಕಾರದವರೂ 1984–85ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಿಂದ ದೇಶದ ಸುಮಾರು 250 ಪ್ರೌಢಶಾಲೆಗಳಿಗೆ ಈ ಬಿ.ಬಿ.ಸಿ. ಯಂತ್ರಗಳನ್ನು ಕೊಟ್ಟರು. ಆಮೇಲೆ ಬಂದ ಗಣಕಯಂತ್ರಗಳು ಬಲದಲ್ಲಿ ಹೆಚ್ಚಿದವು, ಬೆಲೆಯಲ್ಲಿಯೂ ಹೆಚ್ಚಿದವು. ದುಬಾರಿಯಾದ ಯಂತ್ರವನ್ನು ಹುಡುಗರ ಕೈಗೆ ಕೊಡಲು ಹಿರಿಯರು ಹೆದರಿದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಗಣಕಶಾಸ್ತ್ರವನ್ನು ಓದಲು ಬರುವ ವಿದ್ಯಾರ್ಥಿಗಳಲ್ಲಿ ಯಂತ್ರಕ್ಕೆ ಆಜ್ಞೆಗಳನ್ನು ಬರೆದು ಪಳಗಿದವರು ವರ್ಷೇ ವರ್ಷೇ ಕಡಿಮೆಯಾಗುತ್ತಿದ್ದುದನ್ನು ಎಬೆನ್ ಅಪ್ಟನ್ ಮೊದಲಾದವರು ಕಂಡರು. ಕೆಟ್ಟರೂ ಚಿಂತೆಯಿಲ್ಲವೆನ್ನುವಷ್ಟು ಅಗ್ಗವಾದ ಯಂತ್ರ ಬೇಕೆಂದು ಅವರು ನಿಶ್ಚಯಿಸಿದುದರ ಫಲವಾಗಿ 2012ರ ಫೆಬ್ರವರಿ 29ರಂದು ಮೊದಲನೆಯ ರಾಸ್ಪ್‌ಬೆರಿ ಪೈ ಹಲಗೆ 35 ಡಾಲರಿಗೆ ಮಾರಾಟಕ್ಕೆ ಬಂದಿತು. ಆ ಹಲಗೆಯ ಸಂತಾನವನ್ನೇ ಕೀಲಿಮಣೆಯೊಳಗೆ ಕೂರಿಸಿರುವುದು ಈಗಿನ ಯಂತ್ರ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಯಂತ್ರದ ಮುಖ್ಯವಾದ ಗುಣ ಅದರ ವೇಗವಲ್ಲ. ಕಲಿಯುವವನು ಅದನ್ನು ಹೆದರದೆ ಮುಟ್ಟಬಹುದೆಂಬುದೇ ಅದರ ಗುಣ. ನೇಗಿಲ ಮೇಣಿಯನ್ನು ಮೊದಲ ಸಾರಿ ಹಿಡಿದ ಹುಡುಗನ ಸಾಲು ಸೊಟ್ಟಗಾಗದೆ ಇರುವುದಿಲ್ಲ. ಸಾಲು ಸೊಟ್ಟಗಾದೀತೆಂದು ಮೇಣಿಯನ್ನೇ ಕೊಡದಿದ್ದರೆ ಅವನು ಉಳುವುದನ್ನು ಕಲಿಯುವುದೇ ಇಲ್ಲ.

ನಮ್ಮ ರಾಜ್ಯದ ಪ್ರಯತ್ನಗಳು

ಅಗ್ಗದ ಗಣಕಯಂತ್ರಕ್ಕಾಗಿ ಕರ್ನಾಟಕದಲ್ಲಿಯೂ ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಕೂಡಿ ‘ಸಿಂಪ್ಯೂಟರ್’ ಎಂಬ ಕೈಯಲ್ಲಿ ಹಿಡಿಯುವ ಯಂತ್ರವನ್ನು 2001ರಲ್ಲಿ ತೋರಿಸಿದರು. ಓದು ಬಾರದವರಿಗೂ ದೇಶಭಾಷೆಗಳಲ್ಲಿ ಉಪಯೋಗವಾಗಬೇಕೆಂಬುದು ಅದರ ಉದ್ದೇಶವಾಗಿತ್ತು. 2004ರಲ್ಲಿ ಅದು ಮಾರಾಟಕ್ಕೆ ಬಂದರೂ ಕೆಲವು ಸಾವಿರಗಳಿಗಿಂತ ಹೆಚ್ಚಾಗಿ ಹರಡಲಿಲ್ಲ. ಸಾಧನವು ಒಳ್ಳೆಯದಾದಮಾತ್ರಕ್ಕೆ ಸಾಲದು. ಅದನ್ನು ಕಲಿಸುವವರೂ ಅದರಿಂದ ಆಗಬೇಕಾದ ಕೆಲಸವೂ ಊರಿನಲ್ಲಿ ಇರಬೇಕೆಂಬುದು ಇದರಿಂದ ತಿಳಿಯುತ್ತದೆ.

2025ರ ನವೆಂಬರಿನಲ್ಲಿ ಬೆಂಗಳೂರಿನ ತಂತ್ರಜ್ಞಾನ ಮೇಳದಲ್ಲಿ ರಾಜ್ಯ ಸರ್ಕಾರದವರೂ ಅವರ ಅಧೀನದ ಕಿಯೋನಿಕ್ಸ್ ಸಂಸ್ಥೆಯವರೂ ‘ಕಿಯೊ’ ಎಂಬ ಚಿಕ್ಕ ಗಣಕಯಂತ್ರವನ್ನು ಪ್ರಕಟಿಸಿದರು. ಅದರ ಬೆಲೆಯನ್ನು 18,999 ರೂಪಾಯಿ ಎಂದು ಸಾರಲಾಯಿತು. ಅದು ಕೀಲಿಮಣೆಯೊಳಗಿನ ಯಂತ್ರವಲ್ಲ, ಅಂಗೈ ಪೆಟ್ಟಿಗೆಯಂತಹುದು. ಪರದೆ ಕೀಲಿಮಣೆಗಳನ್ನು ಬೇರೆಯಾಗಿ ಸೇರಿಸಬೇಕು. ಶಾಲೆಯ ಪಾಠಗಳಿಗೆ ಸಹಾಯಕವಾದ ಸಾಮಗ್ರಿಯನ್ನು ಅದರಲ್ಲಿ ಅಳವಡಿಸಿರುವುದು ವಿಶೇಷ. ಎರಡು ಯಂತ್ರಗಳೂ ಲಿನಕ್ಸ್ ಎಂಬ ಮುಕ್ತವಾದ, ಬೆಲೆಯಿಲ್ಲದ ಕಾರ್ಯವ್ಯವಸ್ಥೆಯಿಂದ ನಡೆಯುವುದರಿಂದ ಒಂದರಲ್ಲಿ ಕಲಿತುದು ಇನ್ನೊಂದರಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಗಣಕವಿದ್ಯೆಯು ಈ ಸೀಮೆಗೆ ತೀರ ಹೊಸದೂ ಅಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿರುವ ಸಂಸ್ಕೃತ ಸಂಶೋಧನ ಸಂಸತ್ತಿನ ವಿದ್ವಾಂಸರು ಸಂಸ್ಕೃತ ವ್ಯಾಕರಣಕ್ಕೂ ಗಣಕಯಂತ್ರಕ್ಕೂ ಇರುವ ಸಂಬಂಧವನ್ನು ಬಹಳ ಹಿಂದೆಯೇ ವಿಚಾರಮಾಡಿದವರು. ಕೃಷ್ಣರಾಜಪೇಟೆಯಲ್ಲಿ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದವರ ತಾಂತ್ರಿಕ ವಿದ್ಯಾಲಯವಿದೆ. ಇಲ್ಲಿ ಓದುವವರಲ್ಲಿ ಅನೇಕರು ರೈತರ ಮಕ್ಕಳು. ರಜಾ ದಿನಗಳಲ್ಲಿ ತಮ್ಮ ತಮ್ಮ ಊರಿನ ಹುಡುಗರಿಗೆ ಕಲಿಸಿಕೊಡುವಂತೆ ಯಜಮಾನರು ಇವರನ್ನು ಕೇಳಿಕೊಂಡರೆ ಒಪ್ಪದವರು ಕಡಿಮೆ.

ಕನ್ನಡದ ಬರಹ

ಯಂತ್ರವು ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆಂಬ ಭಯ ಬೇಡ. ಕೆ. ಅನಂತ ಸುಬ್ಬರಾಯರು ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದರು. ಗಣಕಯಂತ್ರದ ಕಾಲದಲ್ಲಿ ಕಿನ್ನಿಕಂಬಳ ಪದ್ಮನಾಭರಾಯರು, ಅಂದರೆ ಕೆ.ಪಿ. ರಾಯರು, ಇಂಗ್ಲಿಷಿನ ಕೀಲಿಗಳಲ್ಲಿಯೇ ಕನ್ನಡವೆಲ್ಲವನ್ನೂ ಅಡಕಮಾಡುವ ವಿನ್ಯಾಸವನ್ನು ಮಾಡಿದರು. ಕನ್ನಡ ಗಣಕ ಪರಿಷತ್ತಿನವರ ‘ನುಡಿ’ ತಂತ್ರಾಂಶದಲ್ಲಿ ನಡೆಯುವುದು ಈ ವಿನ್ಯಾಸವೇ. ಸರ್ಕಾರದವರೂ ಇದನ್ನೇ ಶಿಷ್ಟವೆಂದು ಒಪ್ಪಿದ್ದಾರೆ. ‘ರಾಗಿ’ ಎಂದು ಬರೆಯಲು ಆರ್, ದೊಡ್ಡ ಎ, ಜಿ, ಐ ಎಂಬ ನಾಲ್ಕು ಕೀಲಿಗಳನ್ನು ಒತ್ತಿದರೆ ಸಾಕು. ಈ ವಿನ್ಯಾಸವೂ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರಗಳೂ ಲಿನಕ್ಸಿನಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಹೊಸ ಯಂತ್ರದಲ್ಲಿ ಇವುಗಳನ್ನು ಒಂದು ಸಲ ಅಂತರ್ಜಾಲದಿಂದ ಇಳಿಸಿ ಹೂಡಿಸಿಕೊಳ್ಳಬೇಕು. ಕಲಿಸುವವರು ಮೊದಲನೆಯ ದಿನವೇ ಇದನ್ನು ಮಾಡಿಕೊಟ್ಟರೆ ಹುಡುಗರಿಗೆ ಅರ್ಧ ಕಷ್ಟ ಕಳೆದಂತೆ.

ಬೇಸಾಯಗಾರರಿಗೆ ಆಗುವ ಉಪಯೋಗ

ಮೊದಲನೆಯದು ಲೆಕ್ಕ. ಕಬ್ಬನ್ನು ನೆಟ್ಟ ದಿನ, ಗೊಬ್ಬರದ ವೆಚ್ಚ, ಕೂಲಿ, ಕಡಿದ ದಿನ, ಕಾರ್ಖಾನೆಯಲ್ಲಿ ಅಥವಾ ಆಲೆಮನೆಯಲ್ಲಿ ತೂಗಿದ ತೂಕ, ಬಂದ ಹಣ, ಬರಬೇಕಾದ ಹಣ ಇವುಗಳನ್ನು ಪಟ್ಟಿಯಲ್ಲಿ ಬರೆದಿಟ್ಟರೆ ಯಂತ್ರವು ತಾನೇ ಕೂಡಿ ಕಳೆದು ತೋರಿಸುತ್ತದೆ. ಎಕರೆಯೊಂದಕ್ಕೆ ನಿಜವಾಗಿ ಉಳಿದುದೆಷ್ಟು ಎಂಬುದನ್ನು ಅಂದಾಜಿನಿಂದ ಹೇಳುವ ರೈತರೇ ಹೆಚ್ಚು. ಲೆಕ್ಕವಿಟ್ಟು ಹೇಳುವವರು ವಿರಳ.

ಎರಡನೆಯದು ನೀರು ಮತ್ತು ಮಳೆಯ ದಾಖಲೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಮುಂಗಾರಿನ ಕಾಲದಲ್ಲಿ ಆ ದಿನದ ಮಟ್ಟವೆಷ್ಟೆಂದು ಕೇಳದ ನಾಲೆಯ ರೈತರಿಲ್ಲ. ಅದನ್ನು ದಿನವೂ ಬರೆದಿಟ್ಟು, ಊರಿನ ಮಳೆಯನ್ನೂ ಅದರ ಪಕ್ಕದಲ್ಲಿ ಬರೆದು, ರೇಖೆಯಾಗಿ ಎಳೆಯಿಸುವುದು ಹುಡುಗರಿಗೆ ಒಳ್ಳೆಯ ಅಭ್ಯಾಸ. ಎರಡು ಮೂರು ವರ್ಷ ಕಳೆದ ಮೇಲೆ ಅದೇ ಊರಿಗೆ ಬೆಲೆಯುಳ್ಳ ದಾಖಲೆಯಾಗುತ್ತದೆ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕಗಳು ತಾವಾಗಿಯೇ ಅಳೆದು ಸುದ್ದಿಯನ್ನು ಕಳುಹಿಸುವಂತಹವು. ಅದರೊಳಗೆ ನಡೆಯುವ ಕೆಲಸದ ತತ್ತ್ವವನ್ನು ಹುಡುಗರು ಈ ಚಿಕ್ಕ ಯಂತ್ರದಿಂದಲೇ ಅರಿಯಬಹುದು.

ಮೂರನೆಯದು ಅಳತೆ. ಈ ಯಂತ್ರದ ಹಿಂಭಾಗದಲ್ಲಿ 40 ಪಿನ್ನುಗಳ ಒಂದು ಸಾಲಿದೆ. ಸಾಮಾನ್ಯವಾದ ಗಣಕಯಂತ್ರಗಳಲ್ಲಿ ಇದು ಇರುವುದಿಲ್ಲ. ಉಷ್ಣತೆ, ಗಾಳಿಯ ತೇವ ಮುಂತಾದುವನ್ನು ಅಳೆಯುವ ಚಿಕ್ಕ ಉಪಕರಣಗಳನ್ನು ಇದಕ್ಕೆ ಜೋಡಿಸಬಹುದು. ರೇಷ್ಮೆ ಹುಳುವನ್ನು ಸಾಕುವವರಿಗೆ ಇದರ ಬೆಲೆ ತಕ್ಷಣ ತಿಳಿಯುತ್ತದೆ. ಚಾಕಿ ಹುಳುವಿಗೆ 27–28 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯೂ ನೂರಕ್ಕೆ 85–90ರಷ್ಟು ತೇವವೂ ಬೇಕು. ನಾಲ್ಕನೆಯ ಜ್ವರ ಕಳೆದ ಹುಳುವಿಗೆ 23–24 ಡಿಗ್ರಿಯೂ ನೂರಕ್ಕೆ 70ರ ಆಸುಪಾಸಿನ ತೇವವೂ ಸಾಕು. ಗೋಡೆಯ ಮೇಲಿನ ಮಾಪಕವನ್ನು ಸಾಕಣೆದಾರನು ಹಗಲಿನಲ್ಲಿ ನೋಡುತ್ತಾನೆ. ಬೆಳಗಿನ ಜಾವದಲ್ಲಿ ಮನೆ ಎಷ್ಟು ತಣ್ಣಗಾಗುತ್ತದೆಂಬುದನ್ನು ನೋಡುವವರಾರು? ಹತ್ತಿಪ್ಪತ್ತು ಸಾಲುಗಳ ಆಜ್ಞೆಯನ್ನು ‘ಪೈಥಾನ್’ ಎಂಬ ಗಣಕಭಾಷೆಯಲ್ಲಿ ಬರೆದರೆ ಯಂತ್ರವು ಹತ್ತು ನಿಮಿಷಕ್ಕೊಮ್ಮೆ ಅಳೆದು ರಾತ್ರಿಯೆಲ್ಲ ಬರೆದಿಡುತ್ತದೆ. ಪ್ರೌಢಶಾಲೆಯ ಹುಡುಗ ಹುಡುಗಿಯರು ಕೆಲವು ವಾರಗಳಲ್ಲಿ ಕಲಿಯಬಹುದಾದ ಕೆಲಸವಿದು.

ಮಣ್ಣಿನ ತೇವವನ್ನು ಅಳೆಯುವ ಅಗ್ಗದ ಕಡ್ಡಿಗಳೂ ಅಂಗಡಿಗಳಲ್ಲಿ ಸಿಕ್ಕುತ್ತವೆ. ಆದರೆ ಅವುಗಳಲ್ಲಿ ಹಲವು ವಿದ್ಯುತ್ತಿನ ಏರಿಳಿತವನ್ನು ಮಾತ್ರ ಕೊಡುತ್ತವೆ. ಈ ಯಂತ್ರವು ಅದನ್ನು ನೇರವಾಗಿ ಓದಲಾರದು. ಏರಿಳಿತವನ್ನು ಅಂಕೆಯಾಗಿ ಮಾಡುವ ಒಂದು ಚಿಪ್ಪನ್ನು ನಡುವೆ ಸೇರಿಸಬೇಕು. ಇದನ್ನು ತಿಳಿಯದೆ ಕೊಂಡವರು ಉಪಕರಣ ಕೆಟ್ಟಿದೆಯೆಂದು ಭ್ರಮಿಸುತ್ತಾರೆ. ನಾಗಮಂಗಲದ ತೆಂಗಿನ ತೋಟದ ಒಡೆಯರು ಇಂತಹ ಅಳತೆಯಿಂದಲೇ ನೀರು ಬಿಡುವ ಕಾಲವನ್ನು ನಿಶ್ಚಯಿಸಬೇಕೆಂದಿಲ್ಲ. ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವ ಅನುಭವವನ್ನು ಅಳತೆಯೊಡನೆ ಹೋಲಿಸಿ ನೋಡುವುದು ಮೊದಲ ಹೆಜ್ಜೆ.

ಪಹಣಿಯ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಯಂತ್ರವನ್ನು ಕಲಿತವರು ಸರ್ಕಾರದ ದಾಖಲೆಯನ್ನು ತಿದ್ದಲಾರರು, ತಿದ್ದಲೂ ಬಾರದು. ಆದರೆ ದಾಖಲೆಯನ್ನು ಅಂತರ್ಜಾಲದಲ್ಲಿ ಓದಿ, ಹೆಸರು, ಸರ್ವೆ ನಂಬರು, ವಿಸ್ತೀರ್ಣಗಳನ್ನು ಹಳೆಯ ಕಾಗದದೊಡನೆ ತಾಳೆ ನೋಡಿ, ತಪ್ಪು ಇಂತಹ ಕಡೆ ಇದೆಯೆಂದು ಅರ್ಜಿಯಲ್ಲಿ ಖಚಿತವಾಗಿ ಬರೆಯಬಲ್ಲರು. ಅಂತಹ ಅರ್ಜಿಗೂ ‘ಏನೋ ತಪ್ಪಾಗಿದೆ ಸ್ವಾಮಿ’ ಎಂಬ ಮಾತಿಗೂ ಕಚೇರಿಯಲ್ಲಿ ಬಹಳ ವ್ಯತ್ಯಾಸವಿದೆ.

ಎಚ್ಚರಿಕೆಗಳು

1. ಟೆಲಿವಿಷನ್ನಿಗೆ ಎಚ್.ಡಿ.ಎಂ.ಐ. ಎಂಬ ರಂಧ್ರವಿದೆಯೇ ಎಂದು ಮೊದಲು ನೋಡಬೇಕು. ಹಳೆಯ ಡಬ್ಬದ ಟೆಲಿವಿಷನ್ನುಗಳಿಗೆ ಈ ಯಂತ್ರವನ್ನು ನೇರವಾಗಿ ಸೇರಿಸಲಾಗದು. ಯಂತ್ರದ ಕಡೆಯ ರಂಧ್ರವು ಚಿಕ್ಕ ಅಳತೆಯದಾದುದರಿಂದ ಅದಕ್ಕೆ ತಕ್ಕ ತಂತಿಯನ್ನೇ ಕೊಳ್ಳತಕ್ಕದ್ದು. ಶಬ್ದವೂ ಈ ತಂತಿಯ ಮೂಲಕವೇ ಬರುತ್ತದೆ. ಕಿವಿಗೆ ಹಾಕುವ ಸಾಧನಕ್ಕೆ ಬೇರೆ ರಂಧ್ರವಿಲ್ಲ.

2. ಪೈ 400ಕ್ಕೆ 5 ವೋಲ್ಟು, 3 ಆಂಪಿಯರಿನ ಅಡಾಪ್ಟರು ಬೇಕು. ಮೊಬೈಲಿನ ಹಳೆಯ ಚಾರ್ಜರುಗಳಿಂದ ನಡೆಸಿದರೆ ಯಂತ್ರವು ನಡುನಡುವೆ ನಿಲ್ಲುತ್ತದೆ. ಪೈ 500ಕ್ಕೆ ಇನ್ನೂ ಬಲವಾದ ಅಡಾಪ್ಟರನ್ನು ವಿಧಿಸಿದ್ದಾರೆ. ಇಷ್ಟು ಸ್ವಲ್ಪ ಶಕ್ತಿಯನ್ನು ಬಳಸುವುದರಿಂದ ಮನೆಯ ಇನ್ವರ್ಟರಿನಿಂದ ಟೆಲಿವಿಷನ್ನಿನೊಡನೆ ಇದನ್ನು ನಡೆಸುವುದು ಕಷ್ಟವಲ್ಲ.

3. ಕೆಲಸ ನಡೆಯುತ್ತಿರುವಾಗ ವಿದ್ಯುಚ್ಛಕ್ತಿ ಹಠಾತ್ತಾಗಿ ನಿಂತರೆ ಮೆಮೊರಿ ಕಾರ್ಡಿನಲ್ಲಿರುವ ಬರಹ ಕೆಡುವ ಸಂಭವವಿದೆ. ಯಂತ್ರವನ್ನು ಕ್ರಮವಾಗಿ ಆರಿಸುವುದನ್ನು ಹುಡುಗರಿಗೆ ಮೊದಲೇ ಕಲಿಸಬೇಕು. ಕಾರ್ಡಿನ ಒಂದು ಪ್ರತಿಯನ್ನು ಮಾಡಿ ಬೇರೆ ಇಡಬೇಕು. ಕಾರ್ಡು ಕೆಟ್ಟರೆ ಯಂತ್ರ ಕೆಟ್ಟಿತೆಂದು ತಿಳಿಯಬಾರದು. ಕಾರ್ಯವ್ಯವಸ್ಥೆಯನ್ನು ಹೊಸ ಕಾರ್ಡಿನಲ್ಲಿ ಮತ್ತೆ ತುಂಬಿದರೆ ಮೊದಲಿನಂತಾಗುತ್ತದೆ.

4. ಹಿಂಭಾಗದ ಪಿನ್ನುಗಳಲ್ಲಿ ಸಂಕೇತಗಳು 3.3 ವೋಲ್ಟಿನವು. ಅವುಗಳಿಗೆ 5 ವೋಲ್ಟನ್ನು ಕೊಟ್ಟರೂ ಯಂತ್ರ ಸುಡಬಹುದು. ಪಂಪುಸೆಟ್ಟಿನ 415 ವೋಲ್ಟಿನ ತಂತಿಗಳ ಹತ್ತಿರ ಹುಡುಗರು ಇದನ್ನು ಒಯ್ಯಲೇ ಕೂಡದು. ಸ್ಟಾರ್ಟರಿಗೆ ಯಾವುದನ್ನಾದರೂ ಜೋಡಿಸುವ ಕೆಲಸ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನದು. ಯಂತ್ರ ಹೋದರೆ ಮತ್ತೊಂದನ್ನು ಕೊಳ್ಳಬಹುದು.

5. ಹಲವರು ಬಳಸುವ ಯಂತ್ರದಲ್ಲಿ ಬ್ಯಾಂಕಿನ ಗುಪ್ತಪದ, ಆಧಾರ್ ಸಂಖ್ಯೆ, ಪಾಸ್‌ಬುಕ್ಕಿನ ಚಿತ್ರ ಇವುಗಳನ್ನು ಉಳಿಸಿಡಬಾರದು. ಮೊಬೈಲಿಗೆ ಬರುವ ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಕೂಡದು.

ಗ್ರಾಮದಲ್ಲಿ ನೆಲೆಗೊಳಿಸುವ ಕ್ರಮ

ಒಂದೊಂದು ಮನೆಯವರೂ ಇದನ್ನು ಕೊಳ್ಳಬೇಕಾದ ಅವಶ್ಯಕತೆಯಿಲ್ಲ. ಊರಿಗೆ ಎರಡು ಯಂತ್ರಗಳಿದ್ದರೆ ಆರಂಭಕ್ಕೆ ಸಾಕು. ಒಂದು ಕೆಟ್ಟರೆ ಇನ್ನೊಂದನ್ನು ನೋಡಿ ಅದನ್ನು ಸರಿಮಾಡುವುದೂ ಕಲಿಕೆಯೇ. ‘ಅರಿವು ಕೇಂದ್ರ’ವೆಂದು ಹೆಸರಾಗಿರುವ ಗ್ರಾಮ ಪಂಚಾಯತಿಯ ಗ್ರಂಥಾಲಯ ಇದಕ್ಕೆ ತಕ್ಕ ಸ್ಥಳ; ಪ್ರೌಢಶಾಲೆಯೂ ಆಗಬಹುದು. ಸಹಕಾರ ಸಂಘದವರೂ ಅನುಕೂಲವುಳ್ಳ ಭೂಮಾಲೀಕರೂ ಕೂಡಿ ಹಣ ಹಾಕಿದರೆ ಒಬ್ಬೊಬ್ಬರಿಗೆ ಬೀಳುವ ಭಾರ ಒಂದು ಹಬ್ಬದ ಚಂದಾಕ್ಕಿಂತ ಹೆಚ್ಚಾಗಲಾರದು.

ಯಂತ್ರವನ್ನು ಕೊಂಡ ಮೇಲೆ ಗ್ರಾಮಗಳಲ್ಲಿ ಸಾಮಾನ್ಯವಾಗಿ ನಡೆಯುವ ಅನರ್ಥವೊಂದಿದೆ. ಬೆಲೆಯುಳ್ಳ ವಸ್ತುವೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಅಧಿಕಾರಿಗಳು ಬಂದ ದಿನ ಹೊರಗೆ ತೆಗೆದು ಧೂಳು ಒರೆಸುತ್ತಾರೆ. ಇದಕ್ಕಿಂತ ಕೊಳ್ಳದಿರುವುದೇ ಲೇಸು. ಬೀಗದ ಕೈ ಕಲಿಯುವವರ ಸಮೀಪದಲ್ಲಿರಬೇಕು. ಯಾವ ದಿನ ಯಾರು, ಎಷ್ಟು ಹೊತ್ತು, ಯಾವ ಕೆಲಸಕ್ಕೆ ಬಳಸಿದರೆಂದು ಒಂದು ಪುಸ್ತಕದಲ್ಲಿ ಬರೆಯಿಸಬೇಕು. ಹೆಣ್ಣುಮಕ್ಕಳಿಗೆ ಹಗಲಿನ ವೇಳೆಯನ್ನು ಮೀಸಲಾಗಿ ಗೊತ್ತುಮಾಡದಿದ್ದರೆ ಅವರ ಪಾಲು ಗಂಡುಹುಡುಗರಿಗೇ ಹೋಗುತ್ತದೆ. ಮೊದಲಿನ ಆರು ತಿಂಗಳಲ್ಲಿ ಊರಿಗೆ ಸೇರಿದ ಒಂದು ಕೆಲಸವನ್ನು, ಮಳೆಯ ಪಟ್ಟಿಯನ್ನಾಗಲಿ ಹಾಲಿನ ಸಂಘದ ಲೆಕ್ಕದ ತಾಳೆಯನ್ನಾಗಲಿ, ಹುಡುಗರಿಗೆ ಒಪ್ಪಿಸಿ ಮಾಡಿಸಬೇಕು. ಕೆಲಸವಿಲ್ಲದ ಯಂತ್ರವು ಆಟದ ಸಾಮಾನಾಗಿ ಉಳಿಯುತ್ತದೆ.

ಈ ಯಂತ್ರದಿಂದ ಇಳುವರಿ ಹೆಚ್ಚುವುದಿಲ್ಲ, ನಾಲೆಗೆ ನೀರು ಬರುವುದಿಲ್ಲ, ಸಾಲ ತೀರುವುದಿಲ್ಲ. ಇವುಗಳನ್ನು ನಿರೀಕ್ಷಿಸಿ ಕೊಳ್ಳುವವರು ನಿರಾಶರಾಗುತ್ತಾರೆ. ಪಹಣಿಯಿಂದ ಹಿಡಿದು ಪರಿಹಾರದವರೆಗೆ ಎಲ್ಲವೂ ಗಣಕಯಂತ್ರದ ಮೂಲಕವೇ ನಡೆಯುವ ಈ ಕಾಲದಲ್ಲಿ, ಅದರ ಬಾಗಿಲಲ್ಲಿ ಊರಿಗೆ ಊರೇ ಬರಿಯ ಅರ್ಜಿದಾರನಾಗಿ ನಿಂತಿರುವುದು ತಪ್ಪುತ್ತದೆ. ಲೆಕ್ಕವನ್ನು ಬಲ್ಲವನು ಮತ್ತೆ ಊರಿನಲ್ಲಿಯೇ ಸಿಕ್ಕುತ್ತಾನೆ. ಈ ಸಾರಿ ಅವನು ಒಂದು ಮನೆತನದವನೇ ಆಗಿರಬೇಕಾಗಿಲ್ಲ, ಯಾರ ಮನೆಯ ಮಗನಾದರೂ ಮಗಳಾದರೂ ಆಗಬಹುದು. ಬರುವ ಬೇಸಗೆಯ ರಜೆಯೊಳಗಾಗಿ ಪ್ರತಿ ಹೋಬಳಿಯಲ್ಲಿ ಒಂದೆರಡು ಗ್ರಾಮಗಳವರಾದರೂ ಈ ಪ್ರಯೋಗವನ್ನು ಆರಂಭಿಸಿದರೆ, ಅಕ್ಕಪಕ್ಕದ ಊರುಗಳವರು ಅದನ್ನು ಕಣ್ಣಾರೆ ನೋಡಿ ಅನುಸರಿಸಲು ಅನುಕೂಲವಾಗುವುದು.